ಸೆಪ್ಟೆಂಬರ್ 11 ರಜೆಯಾಗಿದ್ದ ಕಾಲ

ಚಿಲಿಯಲ್ಲಿ ಸೆಪ್ಟೆಂಬರ್ ಹಬ್ಬದ ತಿಂಗಳು. ಚಳಿ ಹಿಂದೆ ಸರಿಯುತ್ತದೆ, ಆಂಡಿಸ್ ಬೆಟ್ಟಗಳ ಮೇಲೆ ಮಾತ್ರ ಹಿಮ ಉಳಿದಿರುತ್ತದೆ. ಮಕ್ಕಳು ಗಾಳಿಪಟ ಹಾರಿಸುತ್ತಾರೆ. ಬಾಲ್ಕನಿಗಳಲ್ಲಿ ಬಾವುಟ, ಬೇಕರಿಗಳ ಮುಂದೆ ಎಂಪನಾಡಾಗೆ, ಅಂದರೆ ಕಡುಬಿನಂಥ ತಿಂಡಿಗೆ, ಉದ್ದ ಸಾಲು. 18 ಮತ್ತು 19 ಎರಡು ದಿನ ರಜೆ. 1810ರಲ್ಲಿ ಸ್ಯಾಂಟಿಯಾಗೊದಲ್ಲಿ ಮೊದಲ ಸ್ವಂತ ಆಡಳಿತ ಮಂಡಳಿ ಕೂತದ್ದರ ನೆನಪಿಗೆ 18. ಸೇನೆಯ ಗೌರವಕ್ಕೆ 19. ಅವತ್ತು ಓ'ಹಿಗ್ಗಿನ್ಸ್ ಪಾರ್ಕಿನಲ್ಲಿ ದೊಡ್ಡ ಪರೇಡ್.

ಆದರೆ ಅದಕ್ಕೆ ಒಂದು ವಾರ ಮೊದಲೇ 11 ಬರುತ್ತದೆ. ಇಲ್ಲಿಯವರು ಬರೀ 'ಎಲ್ ಓನ್ಸೆ', ಹನ್ನೊಂದು, ಅಂತಾರೆ. ಯಾವ ಹನ್ನೊಂದು ಎಂದು ಯಾರೂ ಕೇಳುವುದಿಲ್ಲ. ನ್ಯೂಯಾರ್ಕ್ ಇಲ್ಲಿ ಯಾರಿಗೂ ಮೊದಲು ನೆನಪಾಗುವುದಿಲ್ಲ. 1973 ನೆನಪಾಗುತ್ತದೆ, ಸೇನೆ ಚುನಾಯಿತ ಸರ್ಕಾರವನ್ನು ಬೀಳಿಸಿದ ವರ್ಷ.

ನಾನು ದಾವಣಗೆರೆಯವಳು. ಸಾಫ್ಟ್‌ವೇರ್ ಕೆಲಸದ ಮೇಲೆ ಸ್ಯಾಂಟಿಯಾಗೊಗೆ ಬಂದು ಇಲ್ಲೇ ಉಳಿದುಕೊಂಡೆ. 11ನೇ ತಾರೀಕು ಮಧ್ಯಾಹ್ನ ಆಗುತ್ತಿದ್ದಂತೆ ಆಫೀಸಿನಿಂದ ಎಲ್ಲರಿಗೂ ಮೇಲ್ ಬರುತ್ತದೆ, ಬೇಗ ಮನೆಗೆ ಹೊರಡಿ ಅಂತ. ಸೂಪರ್‌ಮಾರ್ಕೆಟ್‌ಗಳು ಬೇಗ ಶಟರ್ ಎಳೆಯುತ್ತವೆ. ಊರಿನ ಅಂಚಿನ ಬಡಾವಣೆಗಳಲ್ಲಿ ರಾತ್ರಿ ಟೈರ್ ಉರಿಯುತ್ತವೆ, ಕೆಲವೊಮ್ಮೆ ಕರೆಂಟ್ ಹೋಗುತ್ತದೆ. ಇಷ್ಟೆಲ್ಲ ಆಗುವ ಈ ದಿನ ಒಂದು ಕಾಲದಲ್ಲಿ ಸರ್ಕಾರಿ ರಜಾದಿನವಾಗಿತ್ತು ಎಂಬುದು ನನಗೆ ಗೊತ್ತಾಗಿದ್ದು ಒಂದು ನಾಣ್ಯದಿಂದ.

ಲಾ ವೆಗಾ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪು ತಗೊಂಡು ಚಿಲ್ಲರೆ ಎಣಿಸುತ್ತಿದ್ದೆ. 10 ಪೆಸೊದ ನಾಣ್ಯಗಳು, ಅಂದರೆ ನಮ್ಮ ಒಂದು ರೂಪಾಯಿ ಆಸುಪಾಸು. ಎಲ್ಲದರ ಮೇಲೂ ಚಿಲಿಯ ಸ್ವಾತಂತ್ರ್ಯ ಹೋರಾಟದ ನಾಯಕ ಓ'ಹಿಗ್ಗಿನ್ಸ್ ಮುಖ. ಒಂದರ ಮೇಲೆ ಮಾತ್ರ ರೆಕ್ಕೆ ಇರುವ ಒಬ್ಬ ಹೆಂಗಸು. ಎರಡೂ ಕೈ ಮೇಲೆತ್ತಿ ನಿಂತಿದ್ದಾಳೆ. ಕೈಯಲ್ಲಿ ತುಂಡಾದ ಸರಪಳಿ. ಪಕ್ಕದಲ್ಲಿ 'ಸ್ವಾತಂತ್ರ್ಯ' ಎಂದು ಸ್ಪ್ಯಾನಿಷ್‌ನಲ್ಲಿ ಬರೆದಿದೆ. ಜೊತೆಗೆ ತಾರೀಕು: 11, ರೋಮನ್ ಅಂಕಿಯಲ್ಲಿ ಒಂಬತ್ತು, 1973. ಸವೆದು ಅಂಚು ನುಣುಪಾಗಿದ್ದರೂ ತಾರೀಕು ಸರಿಯಾಗಿ ಓದಲು ಬರುತ್ತಿತ್ತು. ತರಕಾರಿ ಮಾರುವ ಹೆಂಗಸು ನನ್ನ ಕೈ ನೋಡಿ, "ಅದು ಅವರ ಕಾಲದ್ದು, ಈಗಲೂ ನಡೆಯುತ್ತೆ" ಎಂದರು. ಅಷ್ಟೇ. 'ಅವರು' ಯಾರು ಎಂದು ಬಿಡಿಸಿ ಹೇಳಲಿಲ್ಲ.

ಅಧ್ಯಕ್ಷ ಸಾಲ್ವಡೋರ್ ಅಯೆಂಡೆ ಸತ್ತ ದಿನ ಅದು. ಅವರು 1970ರಲ್ಲಿ ಚುನಾವಣೆ ಗೆದ್ದು ಬಂದ ಸಮಾಜವಾದಿ. 1973ರ ಆಗಸ್ಟ್ 23ರಂದು ಅವರೇ ಅಗುಸ್ಟೊ ಪಿನೊಚೆಯನ್ನು ಸೇನೆಯ ಮುಖ್ಯಸ್ಥನನ್ನಾಗಿ ನೇಮಿಸಿದ್ದರು. ಮೂರು ವಾರವೂ ಆಗಿರಲಿಲ್ಲ, ಮಂಗಳವಾರ ಬೆಳಿಗ್ಗೆ ಸೇನೆ ಬೀದಿಗಿಳಿಯಿತು. ಅಯೆಂಡೆ ಅಧ್ಯಕ್ಷರ ಅರಮನೆ ಲಾ ಮೊನೆಡಾ ಬಿಟ್ಟು ಹೊರಡಲಿಲ್ಲ. ರೇಡಿಯೊ ಮಗಲ್ಯಾನೆಸ್ ಮೂಲಕ ಜನರಿಗೆ ಕೊನೆಯ ಮಾತು ಆಡಿದರು. ಮಧ್ಯಾಹ್ನದ ಹೊತ್ತಿಗೆ ಹಾಕರ್ ಹಂಟರ್ ವಿಮಾನಗಳು ಅರಮನೆಯ ಮೇಲೆ ರಾಕೆಟ್ ಹಾರಿಸಿದವು. ಹಾಕರ್ ಹಂಟರ್ ಅಂದರೆ ನಮ್ಮವರಿಗೂ ಗೊತ್ತು. 1971ರ ಡಿಸೆಂಬರ್‌ನಲ್ಲಿ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಹೊಡೆದದ್ದು ಇದೇ ಜಾತಿಯ ವಿಮಾನ. ಎರಡು ವರ್ಷ ಕಳೆಯುವ ಮೊದಲೇ ಇಲ್ಲಿ ಅವು ತಮ್ಮದೇ ರಾಜಧಾನಿಯ ನಡುವೆ, ತಮ್ಮದೇ ಅಧ್ಯಕ್ಷರ ಮೇಲೆ ಬೆಂಕಿ ಸುರಿದವು. ಆ ಹಳೆಯ ಚಿತ್ರಗಳಲ್ಲಿ ಲಾ ಮೊನೆಡಾದ ಕಿಟಕಿಗಳಿಂದ ಹೊಗೆ ಬರುವುದನ್ನು ನೋಡಿದಾಗ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಾನು ದಿನಾ ಮೆಟ್ರೊ ಇಳಿದು ಅದರ ಪಕ್ಕದಲ್ಲೇ ನಡೆದು ಹೋಗುತ್ತೇನೆ.

ಸೇನೆ, ನೌಕಾಪಡೆ, ವಾಯುಪಡೆ, ಪೊಲೀಸ್ ಹೀಗೆ ನಾಲ್ಕು ಮುಖ್ಯಸ್ಥರ ಮಂಡಳಿ ಅಧಿಕಾರ ಹಿಡಿಯಿತು. ಪಿನೊಚೆ ಅದರ ನಾಯಕ. ಸಂಸತ್ತು ಮುಚ್ಚಿತು. ಪಕ್ಷಗಳಿಗೆ ನಿಷೇಧ. ಮತದಾರರ ಪಟ್ಟಿಯನ್ನೇ ನಾಶ ಮಾಡಿದರು. ಆಮೇಲೆ 1980ರ ಸೆಪ್ಟೆಂಬರ್ 11ರಂದೇ, ಅಂದರೆ ಏಳನೇ ವರ್ಷಾಚರಣೆಯ ದಿನ, ಹೊಸ ಸಂವಿಧಾನಕ್ಕೆ ಜನಮತ ಕೇಳಿದರು. ಪಟ್ಟಿಯೇ ಇಲ್ಲದ ಮತದಾನ. ಖಾಲಿ ಬಿಟ್ಟ ಚೀಟಿಯನ್ನೂ 'ಹೌದು' ಲೆಕ್ಕಕ್ಕೆ ಸೇರಿಸಿದರು. ಮರುವರ್ಷ, 1981ರಲ್ಲಿ, ಕಾನೂನು ಮಾಡಿ 11ನ್ನು ರಜೆ ಎಂದು ಘೋಷಿಸಿದರು. ಬೆಂಬಲಿಗರು ಅದನ್ನು ರಾಷ್ಟ್ರ ವಿಮೋಚನೆಯ ದಿನ ಎಂದರು.

ನಾನಿರುವ ಮನೆಯ ಮಾಲೀಕರಿಗೆ ಎಪ್ಪತ್ತು ದಾಟಿದೆ. 1973ರಲ್ಲಿ ಅವರು ಸರ್ಕಾರಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿ. ಸೇನೆ ಸುತ್ತುವರಿದು ವಿದ್ಯಾರ್ಥಿಗಳನ್ನೂ ಮೇಷ್ಟ್ರುಗಳನ್ನೂ ಕ್ರೀಡಾಂಗಣಕ್ಕೆ ಎಳೆದೊಯ್ದ ವಿಶ್ವವಿದ್ಯಾಲಯ ಅದು. ಹಾಡುಗಾರ ವಿಕ್ಟರ್ ಹಾರಾ ಕೂಡ ಆ ಗುಂಪಿನಲ್ಲಿ ಇದ್ದರು. ಅವರು ತಿರುಗಿ ಬರಲಿಲ್ಲ. ನಮ್ಮ ಮಾಲೀಕರಿಗೆ ಆ ದಿನ ಜ್ವರ. ಕ್ಲಾಸಿಗೆ ಹೋಗಿರಲಿಲ್ಲ. ಅವರ ಅಣ್ಣ ಮಾತ್ರ ಕೆಲವು ತಿಂಗಳ ನಂತರ ಸ್ವೀಡನ್ನಿಗೆ ಹೋಗಬೇಕಾಯಿತು. ಚಿಲಿಯಿಂದ ಹೊರಗಟ್ಟಿಸಿಕೊಂಡವರ ಪಾಸ್‌ಪೋರ್ಟಿನಲ್ಲಿ 'ಎಲ್' ಎಂಬ ಒಂದು ಅಕ್ಷರ ಒತ್ತುತ್ತಿದ್ದರು. ಪಟ್ಟಿಯಲ್ಲಿ ಇರುವವನು ಎಂದು ಅದರ ಅರ್ಥ. ಆ ಅಕ್ಷರ ಇದ್ದರೆ ಸ್ವಂತ ದೇಶಕ್ಕೆ ಕಾಲಿಡುವಂತಿಲ್ಲ. ಅಮ್ಮ ತೀರಿಕೊಂಡಾಗ ಆ ಅಣ್ಣ ಗೋಥೆನ್‌ಬರ್ಗಿನಿಂದ ಫೋನಿನಲ್ಲಿ ಅಳುತ್ತಿದ್ದರಂತೆ. ಮಣ್ಣಿಗೆ ಬರಲಾಗಲಿಲ್ಲ.

ಇಂಥ ಮನೆಯವರಿಗೆ 11 ರಜೆ. ಅದನ್ನು ಅವರು ಹೇಳುವಾಗ ದನಿ ಏರುವುದಿಲ್ಲ. ಬೆಳಿಗ್ಗೆ ರೇಡಿಯೊದಲ್ಲಿ ಮಾರ್ಚಿಂಗ್ ಸಂಗೀತ. ದಿಯೆಗೊ ಪೊರ್ತಾಲೆಸ್ ಎಂಬ ಸರ್ಕಾರಿ ಕಟ್ಟಡದಿಂದ ಪಿನೊಚೆಯ ವಾರ್ಷಿಕ ಭಾಷಣ. ಪಕ್ಕದ ಮನೆಯವರ ಕಿಟಕಿಯಲ್ಲಿ ಬಾವುಟ. ರಾಷ್ಟ್ರಗೀತೆ ಹಾಡುವಾಗ ಸೈನಿಕರನ್ನು ಹೊಗಳುವ ಇನ್ನೊಂದು ಚರಣವನ್ನೂ ಸೇರಿಸಿ ಹಾಡಬೇಕು. "ಅಂಗಡಿ ಬಾಗಿಲು ಹಾಕಿರುತ್ತಿತ್ತು, ಎಲ್ಲೂ ಹೋಗುವಂತಿರಲಿಲ್ಲ. ಮಾಮೂಲಿ ದಿನ ಆಗಿದ್ದರೆ ಕೆಲಸಕ್ಕೆ ಹೋಗಿ ಮರೆತುಬಿಡಬಹುದಿತ್ತು. ರಜೆ ಕೊಟ್ಟು ಮನೆಯಲ್ಲಿ ಕೂರಿಸುತ್ತಿದ್ದರು" ಎಂದರು. ರಜೆ ಅಂದರೆ ಬಿಡುವು ಎಂದಷ್ಟೇ ತಿಳಿದ ನನಗೆ ಈ ಮಾತು ತುಂಬಾ ದಿನ ತಲೆಯಿಂದ ಹೋಗಲಿಲ್ಲ.

ಅದಕ್ಕಿಂತ ಜಾಸ್ತಿ ಕಾಡಿದ್ದು ಅವರ ವಿಳಾಸ. ಪ್ರೊವಿದೆನ್ಸಿಯಾ ಬಡಾವಣೆಯ ದೊಡ್ಡ ರಸ್ತೆಗೆ 1980ರಲ್ಲಿ 'ಸೆಪ್ಟೆಂಬರ್ 11 ಅವೆನ್ಯೂ' ಎಂದು ಹೆಸರಿಟ್ಟಿದ್ದರು. ಅದು 2013ರ ತನಕ ಹಾಗೇ ಇತ್ತು. ಮೇಯರ್ ಹೊಸೆಫಾ ಎರಾಸುರಿಸ್ ಕಾಲದಲ್ಲಿ ಮತ್ತೆ 'ನ್ಯುಯೆವಾ ಪ್ರೊವಿದೆನ್ಸಿಯಾ' ಆಯಿತು. ನಮ್ಮ ಮಾಲೀಕರ ಹಳೆಯ ಲೈಟ್ ಬಿಲ್, ಬ್ಯಾಂಕ್ ಕಾಗದ, ಅಣ್ಣ ಸ್ವೀಡನ್ನಿನಿಂದ ಕಳಿಸಿದ ಲಕೋಟೆ, ಎಲ್ಲದರ ಮೇಲೂ ಆ ತಾರೀಕು ಇದೆ. ನಾನು ಕೈಯಲ್ಲಿ ಹಿಡಿದು ನೋಡಿದೆ. ಅಣ್ಣನ ಅಕ್ಷರ ಚಿಕ್ಕದು, ಎಡಕ್ಕೆ ವಾಲಿದ್ದು. ತನ್ನನ್ನು ದೇಶದಿಂದ ಹೊರಗೆ ಹಾಕಿದವರು ಅಧಿಕಾರ ಹಿಡಿದ ದಿನವನ್ನು ಪ್ರತಿ ಕಾಗದಕ್ಕೂ ಅವರೇ ಕೈಯಾರೆ ಬರೆಯಬೇಕಿತ್ತು, ಇಲ್ಲದಿದ್ದರೆ ಕಾಗದ ತಂಗಿಗೆ ತಲುಪುತ್ತಿರಲಿಲ್ಲ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ನನ್ನ ಸಹೋದ್ಯೋಗಿಯ ಅಜ್ಜ ಲಾರಿ ಮಾಲೀಕರು. 1972ರ ಅಕ್ಟೋಬರ್‌ನಲ್ಲಿ ದೇಶವನ್ನೇ ನಿಲ್ಲಿಸಿದ ಲಾರಿ ಮುಷ್ಕರದಲ್ಲಿ ಇದ್ದವರು. ಆಗ ಬ್ರೆಡ್ಡಿಗೆ, ಎಣ್ಣೆಗೆ, ಮಾಂಸಕ್ಕೆ ಗಂಟೆಗಟ್ಟಲೆ ಸಾಲು. ಬೆಲೆಗಳು ಹುಚ್ಚು ಹಿಡಿದಂತೆ ಏರುತ್ತಿದ್ದವು. ಅಯೆಂಡೆ ಸರ್ಕಾರವನ್ನು ಅಲುಗಾಡಿಸಲು ಅಮೆರಿಕದ ಸಿಐಎ ಹಣ ಸುರಿದದ್ದು 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ತನಿಖೆಯಲ್ಲೇ ಹೊರಬಂತು. ಆದರೆ ಸಾಲಿನಲ್ಲಿ ನಿಂತವರಿಗೆ ಸಾಲು ಮಾತ್ರ ಕಾಣುತ್ತದೆ, ಅಲ್ವಾ? ಆ ಮನೆಯಲ್ಲಿ 11 ಅಂದರೆ ನಿಟ್ಟುಸಿರು ಬಿಟ್ಟ ದಿನ. ರಜೆ ಇದ್ದಷ್ಟು ವರ್ಷ ಮಧ್ಯಾಹ್ನ ಅಂಗಳದಲ್ಲಿ ಮಾಂಸ ಸುಟ್ಟು ನೆಂಟರನ್ನು ಕರೆಯುತ್ತಿದ್ದರಂತೆ. ಅಜ್ಜ ಕೆಟ್ಟ ಮನುಷ್ಯ ಅಲ್ಲ, ಮೊಮ್ಮಗನಿಗೆ ಗಾಳಿಪಟ ಕಟ್ಟಲು ಕಲಿಸಿದವರು. ನನ್ನ ಸಹೋದ್ಯೋಗಿ ಈಗ ಆ ಊಟದ ಬಗ್ಗೆ ಮಾತಾಡುವಾಗ ತಟ್ಟೆ ನೋಡುತ್ತಾ ಮಾತಾಡುತ್ತಾರೆ.

ನನಗೆ ಒಪ್ಪಿಕೊಳ್ಳಲು ಕಷ್ಟವಾಗುವ ವಿಷಯ ಮುಂದಿನದು. 1988ರ ಅಕ್ಟೋಬರ್ 5ರಂದು ಪಿನೊಚೆ ಮುಂದುವರಿಯಬೇಕೇ ಎಂದು ಮತ ಕೇಳಿದಾಗ ಸುಮಾರು 56% ಜನ 'ಬೇಡ' ಎಂದರು. 1990ರ ಮಾರ್ಚ್ 11ರಂದು ಪಟ್ರೀಸಿಯೊ ಐಲ್ವಿನ್ ಚುನಾಯಿತ ಅಧ್ಯಕ್ಷರಾಗಿ ಪ್ರಮಾಣ ಮಾಡಿದರು. ಹಾಗಾದರೆ ಆ ವರ್ಷದ ಸೆಪ್ಟೆಂಬರ್ 11? ರಜೆ. ಮರುವರ್ಷ? ರಜೆ. 1990ರಿಂದ 1998ರ ತನಕ ಒಂಬತ್ತು ಬಾರಿ, ಜನರೇ ಆರಿಸಿದ ಸರ್ಕಾರಗಳ ಕೆಳಗೆ, ಚುನಾಯಿತ ಸರ್ಕಾರವನ್ನು ಬೀಳಿಸಿದ ದಿನಕ್ಕೆ ದೇಶ ರಜೆ ಹಾಕಿತು. ಆ ರಜೆಯ ಆಯುಷ್ಯದಲ್ಲಿ ಅರ್ಧದಷ್ಟು ಕಳೆದದ್ದು ಪ್ರಜಾಪ್ರಭುತ್ವದಲ್ಲೇ.

ಕಾರಣ ಗುಟ್ಟೇನಲ್ಲ. ಪಿನೊಚೆ ಅಧ್ಯಕ್ಷ ಸ್ಥಾನ ಬಿಟ್ಟರೂ ಸೇನೆಯ ಮುಖ್ಯಸ್ಥನಾಗಿ 1998ರ ಮಾರ್ಚ್ ತನಕ ಕೂತಿದ್ದರು. ಅವರ ಸಂವಿಧಾನವೇ ಜಾರಿಯಲ್ಲಿತ್ತು. ಸೆನೆಟ್ಟಿನಲ್ಲಿ ಜನ ಆರಿಸದ, ನೇಮಕಗೊಂಡ ಸದಸ್ಯರು ಇದ್ದರು. ರಜೆ ತೆಗೆಯುವ ಮಸೂದೆಗೆ ಅಲ್ಲಿ ಮತ ಸಾಲುತ್ತಿರಲಿಲ್ಲ. ಹಾಗಾಗಿ ಪ್ರತಿ ಸೆಪ್ಟೆಂಬರ್‌ನಲ್ಲಿ ಒಂದು ಗುಂಪು ಹೂವು ಹಿಡಿದು ಸ್ಮಶಾನದ ಕಡೆಗೆ ನಡೆಯುತ್ತಿತ್ತು, ಇನ್ನೊಂದು ಗುಂಪು ಪಿನೊಚೆಯ ಮನೆ ಮುಂದೆ ಸೇರಿ ಹಾಡುತ್ತಿತ್ತು. ಇಬ್ಬರಿಗೂ ಆ ದಿನ ಬಿಡುವು ಕೊಟ್ಟದ್ದು ಅದೇ ಕಾನೂನು.

ಕೊನೆಗೆ 1998ರ ಆಗಸ್ಟ್‌ನಲ್ಲಿ ಆಯಿತು. ಆ ಹೊತ್ತಿಗೆ ಪಿನೊಚೆ ಸಮವಸ್ತ್ರ ಬಿಚ್ಚಿ ಆಜೀವ ಸೆನೆಟರ್ ಆಗಿದ್ದರು. ಸೆನೆಟ್ ಅಧ್ಯಕ್ಷರು ಆಂದ್ರೆಸ್ ಸಾಲ್ದಿವಾರ್. ಈ ಸಾಲ್ದಿವಾರ್ 1980ರಲ್ಲಿ ಪಿನೊಚೆಯಿಂದಲೇ ದೇಶದಿಂದ ಹೊರಗೆ ಹಾಕಿಸಿಕೊಂಡವರು. ಇಬ್ಬರೂ ಕೂತು ಒಂದು ಒಪ್ಪಂದಕ್ಕೆ ಬಂದರು. 11ರ ರಜೆ ರದ್ದು, ಅದರ ಬದಲು ಸೆಪ್ಟೆಂಬರ್‌ನ ಮೊದಲ ಸೋಮವಾರ 'ರಾಷ್ಟ್ರೀಯ ಐಕ್ಯದ ದಿನ'. ಆ ವರ್ಷದ ಸೆಪ್ಟೆಂಬರ್ 11 ಕೊನೆಯ ರಜೆ. ಒಂದು ತಿಂಗಳು ದಾಟುತ್ತಿದ್ದಂತೆ, ಅಕ್ಟೋಬರ್ 16ರಂದು, ಸ್ಪೇನಿನ ನ್ಯಾಯಾಧೀಶ ಬಾಲ್ತಸಾರ್ ಗಾರ್ಸೋನ್ ಕಳಿಸಿದ ವಾರಂಟಿನ ಮೇಲೆ ಲಂಡನ್ನಿನಲ್ಲಿ ಪಿನೊಚೆಯ ಬಂಧನವಾಯಿತು. ಹೀಗಾಗಿ 1999ರ ಸೆಪ್ಟೆಂಬರ್‌ನಲ್ಲಿ ಮೊದಲ ಐಕ್ಯದ ದಿನ ಬಂದಾಗ ಆ ದಿನವನ್ನು ಹುಟ್ಟಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನಲ್ಲಿ ಪೊಲೀಸ್ ಕಾವಲಿನಲ್ಲಿದ್ದರು.

ಐಕ್ಯದ ದಿನ ಯಾರಿಗೂ ಬೇಕಾಗಲಿಲ್ಲ. 1999, 2000, 2001, ಮೂರು ಸಲ ನಡೆಯಿತು. 2002ರಲ್ಲಿ ಅದನ್ನೂ ತೆಗೆದರು. ನಮ್ಮ ಮಾಲೀಕರಿಗೆ ಆ ದಿನ ಇದ್ದದ್ದೇ ನೆನಪಿಲ್ಲ. ನನ್ನ ಸಹೋದ್ಯೋಗಿಗೂ ಅಷ್ಟೇ. ಅದು ಬಿದ್ದುಹೋದದ್ದೇ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ. ಹೆಣ ಎಲ್ಲಿದೆ ಎಂದು ಹೇಳದವರು ಮತ್ತು ಹೆಣಕ್ಕಾಗಿ ಹುಡುಕುವವರು ಒಂದು ಸೋಮವಾರ ಒಟ್ಟಿಗೆ ಸಂಭ್ರಮಿಸಲಿ ಎಂದು ಕೇಳುವುದು ಸರಿಯಲ್ಲ.

ಹುಡುಕುವುದು ಅಂದೆನಲ್ಲ, ಅದು ಇವತ್ತಿಗೂ ನಡೆಯುತ್ತಿದೆ. ನೀವು ಸ್ಯಾಂಟಿಯಾಗೊಗೆ ಬಂದರೆ ಲೊಂದ್ರೆಸ್ ಬೀದಿಗೆ ಹೋಗಿ. ಸಾನ್ ಫ್ರಾನ್ಸಿಸ್ಕೊ ಚರ್ಚಿನ ಹಿಂದೆ, ಕಲ್ಲು ಹಾಸಿದ ಸುಂದರ ಬೀದಿ. ಕೆಫೆಗಳಿವೆ, ಮದುವೆ ಫೋಟೊ ತೆಗೆಸಿಕೊಳ್ಳುವವರೂ ಬರುತ್ತಾರೆ. ಅಲ್ಲಿನ 38ನೇ ನಂಬರಿನ ಮನೆ ಮೊದಲು ಸಮಾಜವಾದಿ ಪಕ್ಷದ ಕಚೇರಿ. 1973ರ ನಂತರ ಡೀನಾ ಎಂಬ ಗುಪ್ತ ಪೊಲೀಸರು ಅದನ್ನು ಕಿತ್ತುಕೊಂಡು ಚಿತ್ರಹಿಂಸೆಯ ಮನೆ ಮಾಡಿದರು. ಅಲ್ಲಿಂದ 98 ಜನ ಕೊಲೆಯಾದರು ಅಥವಾ ಕಾಣೆಯಾದರು. ಆಮೇಲೆ ಯಾರಿಗೂ ಗುರುತು ಸಿಗಬಾರದೆಂದು ಬಾಗಿಲ ಮೇಲಿನ ನಂಬರನ್ನೇ 40 ಎಂದು ಬದಲಿಸಿದರು. ಒಂದು ಬೀದಿಯಲ್ಲಿ 38 ಎಂಬ ಮನೆಯೇ ಇಲ್ಲದಂತೆ ಆಯಿತು.

ಈಗ ಆ ಮನೆಯ ಮುಂದೆ ರಸ್ತೆಯ ಕಲ್ಲುಗಳ ನಡುವೆ ಕಪ್ಪು ಬಿಳುಪು ಕಲ್ಲುಗಳನ್ನು ಕೂರಿಸಿದ್ದಾರೆ. ಮಧ್ಯೆ ಮಧ್ಯೆ ಕಬ್ಬಿಣದ ಚಿಕ್ಕ ಫಲಕಗಳು, ಅವುಗಳ ಮೇಲೆ ಹೆಸರು ಮತ್ತು ವಯಸ್ಸು. ಕಪ್ಪು ಬಿಳುಪು ಯಾಕೆಂದರೆ ಕಣ್ಣಿಗೆ ಬಟ್ಟೆ ಕಟ್ಟಿ ಕರೆತಂದವರಿಗೆ ಬಟ್ಟೆಯ ಕೆಳಗಿನ ಸಂದಿಯಿಂದ ಕಾಣುತ್ತಿದ್ದದ್ದು ಆ ಮನೆಯ ನೆಲ ಮಾತ್ರ. ಕಪ್ಪು ಬಿಳುಪು ಟೈಲ್ಸ್. ಬದುಕಿ ಬಂದವರು ಆ ನೆಲದಿಂದಲೇ ಮನೆಯನ್ನು ಗುರುತು ಹಿಡಿದರು. ಫಲಕಗಳ ಮೇಲಿನ ವಯಸ್ಸುಗಳನ್ನು ಓದುತ್ತಾ ಹೋದರೆ ಹೆಚ್ಚಿನವು ಇಪ್ಪತ್ತರ ಆಸುಪಾಸು. ನಮ್ಮ ಟೀಮಿಗೆ ಹೊಸದಾಗಿ ಸೇರುವ ಹುಡುಗರ ವಯಸ್ಸು. ನಾನು ಮೊದಲ ಸಲ ಹೋದಾಗ ಬಗ್ಗಿ ಓದುತ್ತಾ ಎಷ್ಟು ಹೊತ್ತು ಇದ್ದೆನೋ, ಎದ್ದಾಗ ಸೊಂಟ ಹಿಡಿದಿತ್ತು.

ಸಾರ್ವಜನಿಕ ಸ್ಮಶಾನದ 29ನೇ ಅಂಗಳ ಇನ್ನೊಂದು ಜಾಗ. ಗುರುತಿಲ್ಲದ ಹೆಣಗಳನ್ನು ಅಲ್ಲಿ ಹೂತು, ತುಕ್ಕು ಹಿಡಿಯುವ ಕಬ್ಬಿಣದ ಶಿಲುಬೆಗಳ ಮೇಲೆ ಹೆಸರಿಲ್ಲದವರು ಎಂಬ ಅರ್ಥದ 'ಎನ್.ಎನ್.' ಎಂಬ ಎರಡಕ್ಷರದ ಗುರುತು ಬರೆದಿದ್ದರು. 1991ರಲ್ಲಿ ಅಗೆದು ತೆಗೆದರು. ಮನೆಯವರಿಗೆ ಎಲುಬು ಕೊಟ್ಟರು, ಅವರು ಹೂಳಿದರು, ಅತ್ತರು. 2006ರಲ್ಲಿ ಸರ್ಕಾರಿ ವೈದ್ಯಕೀಯ ಇಲಾಖೆ ಹೇಳಿತು: ಗುರುತಿಸಿದ 96ರಲ್ಲಿ 48 ತಪ್ಪು. ಅಷ್ಟು ಮನೆಯವರು ಬೇರೆ ಯಾರದೋ ಮಗನನ್ನು ಮಣ್ಣು ಮಾಡಿದ್ದರು. ಇದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. 2023ರಲ್ಲಿ, ಐವತ್ತನೇ ವರ್ಷಕ್ಕೆ ಸ್ವಲ್ಪ ಮೊದಲು, ಅಧ್ಯಕ್ಷ ಗೇಬ್ರಿಯಲ್ ಬೊರಿಕ್ ಹುಡುಕಾಟದ ರಾಷ್ಟ್ರೀಯ ಯೋಜನೆ ಘೋಷಿಸಿದರು. ಕಾಣೆಯಾದವರ ಲೆಕ್ಕ 1,469. ಸಿಕ್ಕವರು 307. ಅಷ್ಟು ವರ್ಷ ಮನೆಯವರೇ ಹುಡುಕಿದ್ದರು, ಸರ್ಕಾರ ತಾನೇ ಹುಡುಕುತ್ತೇನೆ ಎಂದು ಹೆಗಲು ಕೊಟ್ಟದ್ದು ಆಗ.

ಸೇನೆ ಅಧಿಕಾರಕ್ಕೆ ಬಂದ ದಿನವೆಲ್ಲ ಒಂದೇ ಎಂದು ನಾನು ಹೇಳುವುದಿಲ್ಲ. ಪೋರ್ಚುಗಲ್‌ನಲ್ಲಿ ಏಪ್ರಿಲ್ 25 ರಜೆ, 1974ರಲ್ಲಿ ಸೈನಿಕರು ಸರ್ವಾಧಿಕಾರವನ್ನು ಕೆಡವಿದ ದಿನ. ಆದರೆ ಅವರು ಒಂದು ವರ್ಷಕ್ಕೆ ಸರಿಯಾಗಿ ಚುನಾವಣೆ ನಡೆಸಿದರು. ಅಲ್ಲಿಯವರು ಅವತ್ತು ಬೀದಿಯಲ್ಲಿ ಹಾಡಿದರೆ ನನಗೆ ಅರ್ಥವಾಗುತ್ತದೆ. ಚಿಲಿಯಲ್ಲಿ ಹದಿನಾರೂವರೆ ವರ್ಷ ಕಾಯಬೇಕಾಯಿತು. ಆ ನಡುವೆ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು.

ಈಗ 11 ಕ್ಯಾಲೆಂಡರಿನಲ್ಲಿ ಕಪ್ಪು ಅಕ್ಷರದ ದಿನ. ಕೆಂಪು ಅಲ್ಲ. ಬೆಳಿಗ್ಗೆ ಮೊರಾಂದೆ ಬೀದಿಯ 80ನೇ ನಂಬರಿನ ಬಾಗಿಲಿಗೆ ಜನ ಕೆಂಪು ಕಾರ್ನೇಷನ್ ಹೂವು ತಂದಿಡುತ್ತಾರೆ. ಲಾ ಮೊನೆಡಾದ ಈ ಪಕ್ಕದ ಬಾಗಿಲಿನಿಂದಲೇ ಅಯೆಂಡೆಯ ದೇಹ ಹೊರಗೆ ತಂದದ್ದು. ಸೇನೆಯವರು ಅರಮನೆ ರಿಪೇರಿ ಮಾಡುವಾಗ ಬಾಗಿಲನ್ನು ಗೋಡೆ ಮಾಡಿ ಮುಚ್ಚಿದ್ದರು, 2003ರಲ್ಲಿ ಅಧ್ಯಕ್ಷ ರಿಕಾರ್ಡೊ ಲಾಗೊಸ್ ಮತ್ತೆ ತೆರೆಸಿದರು. ಸಂಜೆ ರಾಷ್ಟ್ರೀಯ ಕ್ರೀಡಾಂಗಣದ ಸುತ್ತ ಮೇಣದಬತ್ತಿ ಹಚ್ಚುತ್ತಾರೆ. ಸಾವಿರಾರು ಜನರನ್ನು ಕೂಡಿ ಹಾಕಿದ್ದ ಜಾಗ ಅದು.

ಕಳೆದ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ನಮ್ಮ ಮನೆಗೆ ಟೀ ಕುಡಿಯಲು ಬಂದಿದ್ದರು. ನಾನು ಉಪ್ಪಿಟ್ಟು ಮಾಡಿದ್ದೆ. ಮಾಲೀಕರೂ ಕೂತಿದ್ದರು. ಮಾತು ಹೇಗೋ ಅಲ್ಲಿಗೇ ಬಂತು. ಸಹೋದ್ಯೋಗಿ ಕೇಳಿದರು, ಸತ್ತವರ ನೆನಪಿಗೆ 11ನ್ನು ಮತ್ತೆ ರಜೆ ಮಾಡಿದರೆ ಸರಿಯಲ್ವಾ ಎಂದು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಮಾಲೀಕರು ತಲೆ ಆಡಿಸಿದರು.

"ಬೇಡ. ರಜೆ ಕೊಟ್ಟರೆ ಎಲ್ಲರೂ ವಿನ್ಯಾ ದೆಲ್ ಮಾರ್ ಬೀಚಿಗೆ ಹೋಗುತ್ತಾರೆ. ಕೆಲಸದ ದಿನ ಆದರೆ ಮೊರಾಂದೆಯಲ್ಲಿ ಹೂವು ಹಿಡಿದು ನಿಂತ ನಮ್ಮನ್ನು ಆಫೀಸಿಗೆ ಹೋಗುವವರು ದಾಟಿಕೊಂಡೇ ಹೋಗಬೇಕು."

ನಾನೂ ಹಾಗೆ ದಾಟಿಕೊಂಡು ಹೋಗುವವರಲ್ಲಿ ಒಬ್ಬಳು. ಅವರ ಮಾತೇ ಸರಿ ಅನಿಸಿತು. ಸಹೋದ್ಯೋಗಿ ಏನೂ ಹೇಳಲಿಲ್ಲ, ಆದರೆ ಈ ವರ್ಷ ಆಫೀಸಿಗೆ ಬರುವ ಮೊದಲು ತಾನೂ ಅಲ್ಲಿಗೆ ಬರುತ್ತೇನೆ, ಹೂವು ಎಲ್ಲಿ ಸಿಗುತ್ತೆ ಎಂದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು. ಮಾಪೋಚೊ ನದಿಯ ಪಕ್ಕದ ಹೂವಿನ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಬೇಗ ಹೋದರೆ ಕಾರ್ನೇಷನ್ ಅಗ್ಗ ಎಂದು ಮಾಲೀಕರು ಹೇಳಿದರು.